ಲಾಂಡ್ರಿ ನೆಲದ ಎರಡು ಗುಳಿ

ನಮ್ಮ ಗಿಡ್ಡತ್ತೆ ಹೊಡೆದ ಚೆಂಡು ಲಾಂಡ್ರಿಯ ಹಿಂದಿನ ಮೈದಾನ ದಾಟಿ, ಬೇಲಿಯಾಚೆಯ ಮರದ ಅಡ್ಡೆಯ ದಿಮ್ಮಿಗಳ ನಡುವೆ ಹೋಗಿ ಬೀಳುತ್ತಿತ್ತು. ಇಷ್ಟು ಹೇಳಿದ ಮೇಲೆ ಅತ್ತೆಯ ಎತ್ತರವನ್ನೂ ಹೇಳಿಬಿಡುತ್ತೇನೆ: ಅಡುಗೆಮನೆಯ ಮೇಲಿನ ಹಲಗೆಯಿಂದ ಡಬ್ಬಿ ಇಳಿಸಲು ಆಕೆಗೆ ಸ್ಟೂಲು ಬೇಕಿತ್ತು.

ಅತ್ತೆ ದುಡಿಯುತ್ತಿದ್ದದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ. ಬಲಕ್ಕೆ ಒಗೆಯುವ ತೊಟ್ಟಿ, ಎಡಕ್ಕೆ ನೀರು ಹಿಂಡುವ ಯಂತ್ರ, ನಡುವೆ ಅತ್ತೆ. ತೊಟ್ಟಿಯಿಂದ ಒದ್ದೆ ಹಾಸುಬಟ್ಟೆಯ ಗಂಟು ಎತ್ತಿ ಯಂತ್ರದ ಬಾಯಿಗೆ ಬೀಸಿ ಹಾಕಬೇಕು. ಒಂದೊಂದು ಗಂಟೂ ಎರಡು ವರ್ಷದ ಮಗುವಿನಷ್ಟು ಭಾರ. "ದಿನಕ್ಕೆ ಇನ್ನೂರು ಮಕ್ಕಳನ್ನ ಎತ್ತಿ ಆಡಿಸ್ತೀನಿ, ಒಂದೂ ಥ್ಯಾಂಕ್ಸ್ ಹೇಳಲ್ಲ" ಎಂದು ನಗುತ್ತಿದ್ದಳು.

ಭಾನುವಾರ ಬಂತೆಂದರೆ ಲಾಂಡ್ರಿಯ ಹೆಂಗಸರದು ಸಾಫ್ಟ್‌ಬಾಲ್ ಆಟ. ದುಂಡು ಬ್ಯಾಟು, ದಪ್ಪ ಚೆಂಡು, ನಾಲ್ಕು ಮೂಲೆ ಸುತ್ತಿ ಬಂದರೆ ಒಂದು ರನ್ನು. ನಾಲ್ಕನೆಯವಳಾಗಿ ಬ್ಯಾಟು ಹಿಡಿಯುವ ಜಾಗವಿದೆಯಲ್ಲ, ಮೂಲೆಗಳಲ್ಲಿ ಕಾದು ನಿಂತವರನ್ನೆಲ್ಲ ಒಂದೇ ಏಟಿಗೆ ಮನೆ ಮುಟ್ಟಿಸುವವಳ ಜಾಗ, ಅದು ಹನ್ನೊಂದು ವರ್ಷ ಅತ್ತೆಯದೇ.

ಹೀಗಿರುವಾಗ ಲಾಂಡ್ರಿಗೆ ಒಂದು ಟ್ರಾಲಿ ಬಂತು. ಗುಂಡಿ ಒತ್ತಿದರೆ ತಾನೇ ಬಾಗಿ ಬಟ್ಟೆ ಸುರಿಯುವಂಥದ್ದು. ಹೆಂಗಸರು ಅದಕ್ಕೆ ಕೈ ಮುಗಿಯುವುದೊಂದು ಬಾಕಿ! ಅತ್ತೆಯಂತೂ ಅದರ ಬೆನ್ನು ತಟ್ಟಿ, "ಬಾರಪ್ಪಾ, ಎಲ್ಲಿದ್ದೆ ಇಷ್ಟು ದಿನ?" ಎಂದಳು.

ಆ ವರ್ಷ ಅತ್ತೆಯ ಚೆಂಡು ಬೇಲಿಯ ಮಾತಿರಲಿ, ಅರ್ಧ ಮೈದಾನವನ್ನೂ ದಾಟಲಿಲ್ಲ. ಬ್ಯಾಟು ಸರಿಯಿಲ್ಲ ಎಂದರು, ಬದಲಿಸಿದರು. ವಯಸ್ಸಾಯಿತು ಎಂದರು. ಅದನ್ನು ಬದಲಿಸುವುದು ಹೇಗೆ? ಕೊನೆಗೆ ತಂಡದ ನಾಯಕಿ, ಇಸ್ತ್ರಿ ವಿಭಾಗದ ಉದ್ದಕ್ಕ, ಹತ್ತಿರ ಬಂದು ನಿಂತಳು.

"ಬೇಜಾರು ಮಾಡ್ಕೋಬೇಡಿ ಗಿಡ್ಡಕ್ಕಾ. ಬರೋ ಭಾನುವಾರ ಇನ್ನೊಂದು ಸಲ ನೋಡೋಣ. ಆಗ್ಲೂ ಆಗ್ಲಿಲ್ಲ ಅಂದ್ರೆ ನೀವು ಬೆಂಚಲ್ಲಿ ಕೂತು ನೀರಿನ ಕ್ಯಾನು ನೋಡ್ಕೊಳ್ಳಿ."

"ಕ್ಯಾನೇನು ಎದ್ದು ಓಡಿಹೋಗುತ್ತಾ, ನೋಡ್ಕೊಳ್ಳೋಕೆ?" ಎಂದು ಅತ್ತೆ ನಕ್ಕಳೇನೋ ನಿಜ. ಮನೆಗೆ ಬಂದವಳು ತಟ್ಟೆ ಮುಂದಿಟ್ಟುಕೊಂಡು ತನ್ನ ತೋಳನ್ನೇ ಒತ್ತಿ ಒತ್ತಿ ನೋಡಿಕೊಂಡಳು.

"ನಿನ್ನ ತೋಳಲ್ಲಿ ಜೀವ ಇಲ್ಲ ಕಣೆ" ಎಂದು ಮಾವ ಎರಡು ಡಂಬೆಲ್ ತಂದರು. ಮಾವನದು ಟೈರಿನ ಅಂಗಡಿ. ನಾಲ್ಕು ದಿನ ಎತ್ತಿದ ಅತ್ತೆಗೆ ಐದನೆಯ ದಿನ ತಲೆ ಬಾಚಲು ಕೈ ಮೇಲೇಳಲಿಲ್ಲ. ಮಾವನೇ ಜಡೆ ಹಾಕಿದರು. ಕನ್ನಡಿ ನೋಡಿಕೊಂಡ ಅತ್ತೆ, "ಇದು ಜಡೆನಾ? ಲಾರಿ ಮೇಲೆ ಟೈರು ಕಟ್ಟೋ ಹಗ್ಗ ಇದ್ದಂಗಿದೆ!" ಎಂದಳು.

ಶನಿವಾರ ಊಟದ ಡಬ್ಬಿ ಕೊಡಲು ಹೋದವಳು ನಾನು. ಅತ್ತೆ ನೆಲ ಒರೆಸುತ್ತಿದ್ದಳು. ಎಷ್ಟು ಒರೆಸಿದರೂ ತೊಟ್ಟಿಗೂ ಯಂತ್ರಕ್ಕೂ ನಡುವೆ ಎರಡು ಕಡೆ ನೀರು ನಿಲ್ಲುತ್ತಿತ್ತು. ಬಗ್ಗಿ ನೋಡಿದಳು. ಸಿಮೆಂಟು ಸವೆದು ಎರಡು ಗುಳಿ ಬಿದ್ದಿದ್ದವು. ಎಡಗಡೆಯದು ಪಾದದ ಹಾಗೆ ಉದ್ದಕ್ಕಿತ್ತು. ಬಲಗಡೆಯದು ಮಾತ್ರ ದುಂಡಗೆ, ಬಟ್ಟಲಿನ ಹಾಗೆ, ಯಾರೋ ಅಲ್ಲೇ ನಿಂತು ತಿರುಗಿಸಿ ತಿರುಗಿಸಿ ಕೊರೆದಂತಿತ್ತು.

"ಅಯ್ಯೋ, ಇವು ನನ್ನ ಕಾಲೇ!"

ಚಪ್ಪಲಿ ಬಿಟ್ಟು ಆ ಗುಳಿಗಳಲ್ಲಿ ನಿಂತಳು. ಟ್ರಾಲಿಯನ್ನು ಪಕ್ಕಕ್ಕೆ ನೂಕಿ, ತೊಟ್ಟಿಯಿಂದ ಒಂದು ಗಂಟು ಎತ್ತಿ ಬೀಸಿದಳು. ಭಾರವೆಲ್ಲ ಮೊದಲು ಬಲಗಾಲಿನ ಮೇಲಿತ್ತು. ಆಮೇಲೆ ಬಲ ಹಿಮ್ಮಡಿ ಮೇಲೆದ್ದು, ಮುಂಗಾಲು ಗುಳಿಯಲ್ಲೇ ತಿರುಗಿತು. ಮೊಣಕಾಲು ಒಳಕ್ಕೆ ಬಂತು, ಸೊಂಟ ಯಂತ್ರದ ಕಡೆ ಹೊರಳಿತು, ಎಡಗಾಲು ಕಂಬದಂತೆ ಬಿಗಿದು ನಿಂತಿತು. ತೋಳು ಬಂದದ್ದು ಕಟ್ಟಕಡೆಗೆ. ಗಂಟು ಧೊಪ್ಪನೆ ಯಂತ್ರದ ಬಾಯಿಗೆ ಬಿತ್ತು.

"ನೋಡಿದ್ಯೇನೇ? ಕೈ ಬರೀ ನೆಂಟರು, ಕೊನೇಲಿ ಬಂದು ಹೆಸರು ತಗೊಂಡು ಹೋಗ್ತವೆ. ಅಡುಗೆಯೆಲ್ಲ ಕಾಲು-ಸೊಂಟದ್ದು. ಟ್ರಾಲಿ ಬಂದ್ಮೇಲೆ ನಾನು ಅಡುಗೆಯವರನ್ನೇ ಮನೆಗೆ ಕಳಿಸಿಬಿಟ್ಟಿದ್ದೀನಿ!"

ಡಬ್ಬಿಯ ಊಟ ಆರಿಹೋಯಿತು. ಅತ್ತೆ ಐವತ್ತು ಗಂಟು ಎಸೆದಳು.

ಭಾನುವಾರ ಬಾಟಲಿ ಕಾರ್ಖಾನೆಯವರ ಜೊತೆ ಆಟ. ಮೂರು ಸಲ ಬೀಸಿ ತಪ್ಪಿದರೆ ಔಟು. ಮೊದಲ ಎರಡು ಚೆಂಡಿಗೆ ಅತ್ತೆ ಗಾಬರಿಯಲ್ಲಿ ಬರೀ ತೋಳು ಬೀಸಿ ತಪ್ಪಿದಳು. ಎರಡನೆಯ ಮೂಲೆಯಲ್ಲಿ ಓಡಲು ಕಾದು ನಿಂತಿದ್ದ ಉದ್ದಕ್ಕ ಬೇರೆ ಕಡೆ ನೋಡಿದಳು. ಅತ್ತೆ ಬ್ಯಾಟು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಲಗಾಲ ಬೆರಳಿನಿಂದ ಮಣ್ಣು ಕೆದಕತೊಡಗಿದಳು.

"ಏನಮ್ಮಾ, ಬಾವಿ ತೋಡ್ತಿದ್ದೀರಾ?" ಎಂದ ಅಂಪೈರು.

"ತಡೀರಿ ಸ್ವಾಮಿ, ಇನ್ನೇನು ನೀರು ಬರುತ್ತೆ."

ಗುಳಿ ಸರಿಹೋಯಿತು. ಚೆಂಡು ಬಂತು. ಅತ್ತೆಯ ಹಿಮ್ಮಡಿ ಎದ್ದದ್ದನ್ನು ನಾನು ನೋಡಿದೆ, ಸೊಂಟ ಹೊರಳಿದ್ದನ್ನು ನೋಡಿದೆ, ಬ್ಯಾಟು ಮಾತ್ರ ಕಾಣಲಿಲ್ಲ. ಠಣ್ ಎಂದ ಸದ್ದು, ಸ್ವಲ್ಪ ಹೊತ್ತಿನ ಮೇಲೆ ಬೇಲಿಯಾಚೆ ದಿಮ್ಮಿಗೆ ಬಡಿದ ಇನ್ನೊಂದು ಸದ್ದು. ಉದ್ದಕ್ಕ ಓಡುವುದನ್ನೇ ಮರೆತು ನಿಂತುಬಿಟ್ಟಿದ್ದಳು. ಹಿಂದಿನಿಂದ ಓಡಿಬಂದ ಅತ್ತೆ ಅವಳನ್ನು ನೂಕುತ್ತಾ, "ನಡಿಯೇ ತಾಯಿ, ಕ್ಯಾನು ಆಮೇಲೆ ನೋಡ್ಕೊಳ್ಳುವಂತೆ" ಎಂದಳು.

ಸೋಮವಾರದಿಂದ ದಿನದ ಮೊದಲ ಅರ್ಧ ಗಂಟೆ ಟ್ರಾಲಿಗೆ ರಜೆ. ತಂಡದವರೆಲ್ಲ ಸಾಲಾಗಿ ಗಂಟು ಎಸೆಯುತ್ತಿದ್ದರು. ನಾಲ್ಕನೆಯ ಜಾಗ ಇನ್ನೂ ಆರು ವರ್ಷ ಅತ್ತೆಯದೇ ಆಗಿತ್ತು.

ಅತ್ತೆ ಈಗಿಲ್ಲ. ಲಾಂಡ್ರಿ ಇದ್ದಲ್ಲಿ ಮಂಚ-ಕುರ್ಚಿಯ ಅಂಗಡಿಯಿದೆ. ಕಳೆದ ತಿಂಗಳು ಕಪಾಟು ನೋಡಲು ಹೋದವಳು ಅದೇ ಹಳೆಯ ಸಿಮೆಂಟು ನೆಲ ಕಂಡು, ಒಂದು ಸೋಫಾದ ಹಿಂದೆ ಆ ಎರಡು ಗುಳಿಗಳನ್ನು ಹುಡುಕಿ, ಚಪ್ಪಲಿ ಬಿಟ್ಟು ನಿಂತೆ.

"ಏನಾದ್ರೂ ಬಿತ್ತಾ ಮೇಡಂ?" ಎಂದು ಅಂಗಡಿಯವನು ಕೇಳಿದ.

"ಇಲ್ಲಪ್ಪ" ಎನ್ನುವಷ್ಟರಲ್ಲಿ ನನ್ನ ಬಲ ಹಿಮ್ಮಡಿ ಮೇಲೆದ್ದಿತ್ತು.