ಏಳು ಮೆಟ್ಟಿಲು, ಒಂದು ಕಿಟಕಿ

ಊಟಿ ಕಡೆಯ ಕಟ್ಟಬೆಟ್ಟಿನ ಕೆಳಗಿನ ಹಟ್ಟಿಯೊಂದರ ಪಂಚಾಯತಿ ಕಚೇರಿಗೆ ಏಳು ಮೆಟ್ಟಿಲುಗಳು. ಪೋಲಿಯೊದಿಂದ ಎಳವೆಯಲ್ಲೇ ಎರಡೂ ಕಾಲುಗಳ ಬಲ ಕಳೆದುಕೊಂಡ ಮಲರ್‌ಕೊಡಿ ಅದರ ಒಳಗನ್ನು ಕಂಡದ್ದು ಒಂದೇ ಸಲ. ಅಂದು ಇಬ್ಬರು ಗಂಡಸರು ಆಕೆಯನ್ನು ಗಾಲಿಕುರ್ಚಿಸಮೇತ ಎತ್ತಿದಾಗ ಸೀರೆ ಮೊಣಕಾಲಿನವರೆಗೆ ಸರಿದಿತ್ತು. ಅಂಗಳದಲ್ಲಿ ಯಾರೋ ನಕ್ಕಿದ್ದರು. ಇನ್ನು ಯಾರ ಕೈಯೂ ತನ್ನನ್ನು ಎತ್ತಕೂಡದೆಂದು ಆಕೆ ಅಂದೇ ನಿಶ್ಚಯಿಸಿದಳು.

ಆಮೇಲಿನ ಹನ್ನೊಂದು ವರ್ಷ ಆಕೆಯ ಕೆಲಸವೆಲ್ಲ ಕಿಟಕಿಯಲ್ಲೇ ನಡೆಯಿತು. ಆಕೆ ಅಂಗಳದಲ್ಲಿ; ಗುಮಾಸ್ತ ಸತೀಶ್‌ಕುಮಾರ್ ಮೇಲೆ.

“ಮಲರಕ್ಕಾ! ನಿನ್ನ ಊನ ಎಷ್ಟು ಪರ್ಸೆಂಟು? ಕೇಳಿಸಲಿಲ್ಲೆ, ಜೋರಾಗಿ ಹೇಳು! ಮದುವೆ ಆಗಿಲ್ಲೆ ಅಂತಲೇ ಬರೆಯಲಾ?”

ಚಹಾ ಎಲೆ ಕೂಡಿಸುವ ಲೀಫ್ ಶೆಡ್ಡಿಗೆ ಮೂಟೆ ಹೊತ್ತು ಸಾಗುವವರು ನಿಂತು ಕೇಳಿ ಮುಂದೆ ಹೋಗುತ್ತಿದ್ದರು. ಮಲರ್‌ಕೊಡಿ ರವಿಕೆ ಹೊಲಿಯುವವಳು. ಹಟ್ಟಿಯ ಹೆಂಗಸರ ಅಳತೆಗಳೆಲ್ಲ ಆಕೆಯ ಪುಸ್ತಕದಲ್ಲಿದ್ದವು. ಒಬ್ಬಳ ಅಳತೆ ಇನ್ನೊಬ್ಬಳ ಕಿವಿಗೆ ಬಿದ್ದದ್ದಿಲ್ಲ. ತನ್ನದು ಮಾತ್ರ ಊರೆಲ್ಲ ಕೇಳುವಂತೆ ಕೂಗಲ್ಪಡುವುದನ್ನು ಆಕೆ ಸಹಿಸಲಾರದಾದಳು. ಆ ಮೇಜಿನ ಮುಂದೆ ತಾನಾಗಿ ಹೋಗಿ ಮೆಲುದನಿಯಲ್ಲಿ ಮಾತಾಡಬೇಕು. ಅಷ್ಟೇ ಆಕೆಯ ಬಯಕೆ. ನಾಲ್ಕು ಸೋಮವಾರ ಊಟಿಗೆ ಹೋಗಿ ಕಲೆಕ್ಟರ್ ಕಚೇರಿಯಲ್ಲಿ ಅರ್ಜಿ ಕೊಟ್ಟಳು. ಗಾಲಿಕುರ್ಚಿ ಒಂದಡಿ ಏರಲು ಹನ್ನೆರಡಡಿ ಉದ್ದದ ಇಳಿಜಾರು ಬೇಕೆಂದು ಅದರಲ್ಲೇ ಬರೆದಿದ್ದಳು.

ಮಂಜೂರಾತಿ ಬಂತು. ಕೆಲಸ ಮೇಸ್ತ್ರಿ ಭೋಜನನ ಪಾಲಿಗೆ ಹೋಯಿತು. ಸುತ್ತಲಿನ ಲೀಫ್ ಶೆಡ್ಡುಗಳಲ್ಲಿ ಚಹಾ ಎಲೆಯ ಮೂಟೆಗಳನ್ನು ಲಾರಿಯ ಕಡೆಗೆ ಜಾರಿಸುವ ಓರೆ ಕಟ್ಟೆಗಳೆಲ್ಲ ಅವನ ಕೈಯವೇ. ಕಚೇರಿಗೂ ಅವನು ಅದೇ ಓರೆಯಲ್ಲಿ ಕಟ್ಟಿ, ಮೇಲೆ ಕೆಂಪು ಸಿಮೆಂಟು ಬಳಿದು ಕನ್ನಡಿಯಂತೆ ನುಣುಪು ಮಾಡಿದ. ಮಲರ್‌ಕೊಡಿ ಹೊಲಿಗೆಯ ಟೇಪು ಹಿಡಿದು ಅಳೆದಳು: ಎತ್ತರ ಮೂರೂವರೆ ಅಡಿ, ಉದ್ದ ಏಳು.

“ಉದ್ದ ನಲವತ್ತೆರಡಡಿ ಬೇಕಿತ್ತು, ಭೋಜಣ್ಣಾ.”

“ಎನಗ ಅಳತೆ ಹೇಳ್ಕೊಡ್ತೀಯಾ? ಇದು ರವಿಕೆ ಅಲ್ಲ! ಮೂವತ್ತು ಶೆಡ್ಡು ಕಟ್ಟಿದ್ದೀನಿ. ಒಂದು ಮೂಟೆ ನಡುವೆ ನಿಂತದ್ದುಂಟಾ?”

“ಮೂಟೆ ಇಳಿಯುತ್ತೆ. ನಾ ಹತ್ತಬೇಕು.”

ಹತ್ತಲು ನೋಡಿದಳು. ಎರಡಡಿ ಏರುವಷ್ಟರಲ್ಲಿ ಗಾಲಿಗಳು ಹಿಂದಕ್ಕೆ ಜಾರಿ, ಅವನ್ನು ತಡೆದ ಅಂಗೈಗಳ ಚರ್ಮ ಸುಲಿಯಿತು. ಕುರ್ಚಿ ಅಂಗಳದ ಗೋಡೆಗೆ ಬಡಿದು ನಿಂತಿತು.

“ಯಾರಾದರೂ ತಳ್ರಪ್ಪ!” ಎಂದು ಭೋಜನ್ ಕೂಗಿದ.

“ಯಾರೂ ಕೈ ಹಚ್ಚಬೇಡಿ!”

ಮೇಲೆ ಬಾಗಿಲಲ್ಲಿ ಸತೀಶ್‌ಕುಮಾರ್ ನಗುತ್ತಿದ್ದ. ಕಾಮಗಾರಿ ಮುಗಿಯಿತೆಂದು ತೋರಿಸಲು ಅವನಿಗೆ ಆಕೆಯ ಸಹಿ ಬೇಕಿತ್ತು. ಇಳಿದು ಬರುವ ಶ್ರಮವೇಕೆಂದು ಕಾಗದವನ್ನು ರಟ್ಟಿಗೆ ಸಿಕ್ಕಿಸಿ, ಪೆನ್ನಿನೊಡನೆ ಇಳಿಜಾರಿನ ಮೇಲೆ ಬಿಟ್ಟ. ಅದು ಒಂದೇ ಓಟದಲ್ಲಿ ಜಾರಿ ಆಕೆಯ ಪಾದದ ಬಳಿ ನಿಂತಿತು.

“ನೋಡು, ಎಷ್ಟು ಚೆನ್ನಾಗಿದೆ! ಸೈನ್ ಹಾಕಕ್ಕಾ.”

‘ಬಳಸುವವರ ಅಭಿಪ್ರಾಯ’ ಎಂಬ ಕಡೆ ಆಕೆ ರಕ್ತ ತಾಗಿದ ಬೆರಳುಗಳಿಂದ ಬರೆದಳು: ಲೀಫ್ ಮೂಟೆ ಇಳಿಸಲು ಯೋಗ್ಯ, ಮನುಷ್ಯರಿಗೆ ಅಲ್ಲ. ಕೆಳಗೆ ಸಹಿ ಹಾಕಿದಳು.

“ಮೇಲೆ ಕಳಿಸು.”

“ನಿಮ್ಮ ರ‍್ಯಾಂಪಿನಲ್ಲಿ ಮೇಲಕ್ಕೆ ಏನೂ ಹೋಗೋದಿಲ್ಲೆ, ಸಾರ್. ನೀವೇ ಬನ್ನಿ.”

ಅವನು ಏಳು ಮೆಟ್ಟಿಲು ಇಳಿದು ಬಂದ. ಓದಿದ. “ಹಟ್ಟಿಯ ಹೆಸರು ಕೆಡಿಸಿದೆ. ನಿನ್ನಂಥವರಿಗೆ ಕಿಟಕಿಯೇ ಸಾಕಿತ್ತು” ಎಂದು ಕಾಗದ ಹರಿಯಲು ಹೊರಟ.

“ಹರಿದರೆ ಹರೀರಿ. ಸೋಮವಾರ ಇನ್ನೊಂದು ಬರೆದು ನಾನೇ ಕೊಡ್ತೀನಿ.”

ಅವನು ಹರಿಯಲಿಲ್ಲ. ಕಾಗದ ಊಟಿ ಮುಟ್ಟಿತು; ಅಲ್ಲಿಂದ ಅಧಿಕಾರಿಗಳು ಬಂದು ನೋಡಿ ಹೋದರು. ಭೋಜನ್ ತಾನೇ ಬಳಿದ ಕೆಂಪು ಸಿಮೆಂಟನ್ನು ತಾನೇ ಒಡೆದ. ನಲವತ್ತೆರಡು ಅಡಿಗೆ ಜಾಗ ಸಾಲದೆ ಗುಮಾಸ್ತನ ಕಾರು ನಿಲ್ಲುತ್ತಿದ್ದ ತಗಡಿನ ಶೆಡ್ಡೂ ಹೋಯಿತು. ಅಂದಿನಿಂದ ಭೋಜನ್ ಆಕೆಯನ್ನು ಮಾತಾಡಿಸಿಲ್ಲ. ಅವನ ಮನೆಯ ಹೆಂಗಸರು ರವಿಕೆ ಹೊಲಿಸಲು ಕೋತಗಿರಿಗೆ ಹೋಗುತ್ತಾರೆ.

ಹೊಸ ಇಳಿಜಾರಿನ ಮೊದಲ ದಿನ ಮಲರ್‌ಕೊಡಿ ನಡುವೆ ಎರಡು ಕಡೆ ನಿಂತು ಉಸಿರು ತೆಗೆದುಕೊಂಡು ಮೇಜಿನ ಮುಂದೆ ಬಂದಳು. ಸತೀಶ್‌ಕುಮಾರ್ ತಲೆಯೆತ್ತದೆ, ಹಳೆಯ ಗಂಟಲಿನಲ್ಲೇ ಅಂಗಳದವರೆಗೆ ಕೇಳುವಂತೆ ಕೂಗಿದ: “ಏನು ಬೇಕು? ಆ ಊನದ ಪೆನ್ಷನ್ನಾ?”

ಆಕೆ ಕುರ್ಚಿಯನ್ನು ಪಕ್ಕಕ್ಕೆ ತಿರುಗಿಸಿ, ಕೈ ಚಾಚಿ ಕಿಟಕಿಯನ್ನು ಮುಚ್ಚಿ, ಅಗುಳಿ ಹಾಕಿದಳು.

“ಈಗ ಕೇಳಿ, ಸಾರ್” ಎಂದಳು, ಮೆಲ್ಲಗೆ.