ಎರಡೂ ತುದಿಗೆ ಪ್ಲಗ್ ಇದ್ದ ವೈರು

ಉಮ್ಮಚಗಿಯಿಂದ ಒಳಗೆ, ಗುಡ್ಡದ ಮರೆಯಲ್ಲಿರುವ ಏಳು ಮನೆಗಳಿಗೆ ಹನ್ನೊಂದು ವರ್ಷ ನಾನೇ ಕರೆಂಟ್ ಕಂಪನಿ. ಕಂಪನಿ ಎಂದರೆ ಹಳ್ಳದ ನೀರಿಗೆ ಕೂರಿಸಿದ ಒಂದು ಸಣ್ಣ ಟರ್ಬೈನು, ಒಂದು ತಗಡಿನ ಶೆಡ್ಡು, ಮತ್ತು ಯಲ್ಲಾಪುರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ನಾನು. ಮೀಟರ್ ಇರಲಿಲ್ಲ. ಮನೆಗೆ ಎಷ್ಟು ಬಲ್ಬು, ಎಷ್ಟು ಪ್ಲಗ್ಗು ಎಂದು ಎಣಿಸಿ, ವರ್ಷಕ್ಕೊಮ್ಮೆ ಅಡಿಕೆ ಮಾರಾಟವಾದ ಮೇಲೆ ದುಡ್ಡು. ಬಲ್ಬು ಮಂಕಾದರೆ ಬೈಗುಳ ಮಾತ್ರ ಆಗಿಂದಾಗಲೇ ಸಂದಾಯ.

ಆಮೇಲೆ ಸರಕಾರಿ ಲೈನ್ ಬಂತು. ಆ ದಿನ ಪಾಯಸ ಮಾಡಿದರು, ನನಗೂ ಜಗಲಿಯಲ್ಲಿ ಬಡಿಸಿದರು. ನನ್ನ ಧಂದೆಯ ತಿಥಿಯೂಟವನ್ನು ನಾನೇ ಉಂಡು ಬಂದೆ. ಆದರೆ ಮೊದಲ ಮಳೆಗಾಲದಲ್ಲೇ ಮರ ಬಿದ್ದು ಲೈನ್ ವಾರಗಟ್ಟಲೆ ಸತ್ತಿತು, ನನಗೆ ಜೀವ ಬಂತು. ಹೊಸ ಕರಾರು ಮುಂದಿಟ್ಟೆ: ಸರಕಾರದ್ದು ಹೋದಾಗ ಮಾತ್ರ ನನ್ನದು, ನೀವು ದುಡ್ಡು ಕೊಡುವುದು ಉರಿಸಿದ್ದಕ್ಕಲ್ಲ, ನಾನು ಕಾದು ಕೂತದ್ದಕ್ಕೆ. ಎಲ್ಲರೂ ಒಪ್ಪಿದರು. ಭಾರೀ ಬುದ್ಧಿವಂತ ನಾನು ಎಂದುಕೊಂಡೆ.

ಒಂದೇ ಮನೆಗೆ ಎರಡು ಕಡೆಯಿಂದ ಕರೆಂಟ್ ಬಂದರೆ ನಡುವೆ ಚೇಂಜ್‌ಓವರ್ ಸ್ವಿಚ್ ಬೇಕು. ಹಿಡಿ ಮೇಲಿದ್ದರೆ ಸರಕಾರದ್ದು, ಕೆಳಗಿದ್ದರೆ ನನ್ನದು. ಅದಿಲ್ಲದಿದ್ದರೆ ನನ್ನ ಕರೆಂಟ್ ಮನೆಯೊಳಗಿಂದ ಹಿಂದಕ್ಕೆ ಹರಿದು ಸರಕಾರಿ ತಂತಿಗೆ ಏರುತ್ತದೆ. ಆರು ಮನೆಗಳಿಗೆ ಸ್ವಿಚ್ ಕೂರಿಸಿದೆ. ಏಳನೆಯದಕ್ಕೆ ಸಾಲಲಿಲ್ಲ. ಹುಬ್ಬಳ್ಳಿಯಿಂದ ತರಿಸುತ್ತೇನೆ, ಒಂದು ವಾರ ಎಂದೆ. ಅಲ್ಲಿಯವರೆಗೆ ಇರಲಿ ಎಂದು ಎರಡೂ ತುದಿಗೆ ಪ್ಲಗ್ ಇರುವ ವೈರೊಂದನ್ನು ಮಾಡಿಕೊಟ್ಟೆ. ಒಂದು ತುದಿ ನನ್ನ ಲೈನಿನ ಸಾಕೆಟ್ಟಿಗೆ, ಇನ್ನೊಂದು ಮನೆಯ ಸಾಕೆಟ್ಟಿಗೆ. ಎರಡೂ ಸಾಕೆಟ್ ಅಡುಗೆಮನೆಯಲ್ಲಿ. ಸರಕಾರಿ ಮೇನ್ ಸ್ವಿಚ್ ಜಗಲಿಯಲ್ಲಿ. ಮೊದಲು ಮೇನ್ ಇಳಿಸಿ, ಆಮೇಲೆ ವೈರು ಹಾಕಿ ಎಂದು ಯಜಮಾನರಿಗೆ ಮೂರು ಸಲ ಹೇಳಿದೆ. ಆದರೆ ಹಾಕುವವರು ಅವರ ಹೆಂಡತಿ. ಆ ಅಡುಗೆಮನೆಗೆ ನಾನು ಕಾಲಿಡುವ ರೂಢಿ ಇರಲಿಲ್ಲ. ಅವರು ಕರೆಯಲಿಲ್ಲ, ನಾನೂ ಕೇಳಲಿಲ್ಲ. ಹೊಸ್ತಿಲಾಚೆ ಕೈಚಾಚಿ ವೈರು ಕೊಟ್ಟು ಬಂದೆ. ವಾರ ಹೋಗಿ ಎರಡು ತಿಂಗಳಾಯಿತು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಹಾಳಾದದ್ದು ನನ್ನ ಮನೆಯಲ್ಲ.

ಆ ದಿನ ಏಳನೆಯ ಮನೆಯಲ್ಲಿ ತಿಥಿ. ಬೆಳಿಗ್ಗೆಯೇ ಕೊಂಬೆ ಬಿದ್ದು ತಂತಿ ಹರಿದಿತ್ತು. ಹಾವೇರಿ ಕಡೆಯ ಲೈನ್‌ಮನ್ ಬಂದ. ಬಂದಾಗಲೆಲ್ಲ ನನ್ನ ಶೆಡ್ಡಿನಲ್ಲಿ ಚಹಾ ಕುಡಿದು ಹೋಗುವವನು. ಟ್ರಾನ್ಸ್‌ಫಾರ್ಮರಿನ ಫ್ಯೂಸುಗಳನ್ನು ಕಿತ್ತು ಚೀಲಕ್ಕೆ ಹಾಕಿಕೊಂಡಿದ್ದ. ಲೋಟ ಕೆಳಗಿಡುತ್ತ ಕೇಳಿದ:

“ಸಾಬ್ರ, ಏಳೂ ಮನೀಗೆ ಸ್ವಿಚ್ ಕುಂದರ್ಸೀರಿಲ್ರಿ?”

ಹೌದು ಎಂದೆ. ಮೇನ್ ಇಳಿಸುತ್ತಾರಲ್ಲ, ಅದೂ ಸ್ವಿಚ್ಚೇ ಅಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅವನು ಹೋದ ಮೇಲೆ ಎಂದಿನಂತೆ ನೀರು ಬಿಟ್ಟು ಟರ್ಬೈನ್ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಯಾಕೋ ಕೂತಲ್ಲಿ ಕೂರಲಾಗಲಿಲ್ಲ. ಕೆಳಗಿಳಿದು ಹೋದೆ. ಏಳನೆಯ ಮನೆಯಿಂದ ಮಂತ್ರದ ದನಿ ಕೇಳುತ್ತಿತ್ತು, ಅದರ ಹಿಂದೆ ಗ್ರೈಂಡರಿನ ಸದ್ದು. ಅಂಗಳದ ಆಚೆ, ಕಂಬದ ಮೇಲೆ ಬೆಲ್ಟು ಕಟ್ಟಿಕೊಂಡು ಲೈನ್‌ಮನ್ ನಿಂತಿದ್ದ. ಅವನ ಬೆನ್ನ ಹಿಂದಿನ ಕಂಬದ ಬೀದಿದೀಪ ಹಾಡಹಗಲಲ್ಲಿ ಉರಿಯುತ್ತಿತ್ತು.

ಫ್ಯೂಸು ಅವನ ಚೀಲದಲ್ಲಿದೆ. ಹಾಗಾದರೆ ಈ ದೀಪ ಉರಿಸುತ್ತಿರುವವನು ನಾನೇ.

ಜೀವಮಾನದಲ್ಲಿ ಅಷ್ಟು ಜೋರಾಗಿ ಕೂಗಿದವನಲ್ಲ. ಅವನು ತಿರುಗಿ ನೋಡಿದ, ಆದರೆ ಕೈ ಆಗಲೇ ತಂತಿಯ ಹತ್ತಿರ ಹೋಗಿಬಿಟ್ಟಿತ್ತು. ಓಡಿಹೋಗಿ ಜಗಲಿಯ ಮೇನ್ ಎಳೆದೆ. ಅವನು ಬೆಲ್ಟಿನಲ್ಲಿ ಜೋತಾಡುತ್ತಿದ್ದ, ಒದ್ದೆ ಬಟ್ಟೆಯ ಹಾಗೆ.

ಯಜಮಾನರು ಪಿಂಡದ ಮುಂದೆ ಕೂತವರು ಏಳುವಂತಿರಲಿಲ್ಲ. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತು ಅಂದರು:

“ಆನು ಮಡಿಲಿ, ಜಗಲಿಗೆ ಬಪ್ಪಲೆ ಆಗ್ತಿಲ್ಲೆ. ಮೇನು ಇವ್ರೇ ಇಳಿಸಿಕ್ಕು ಹೇಳಿ...”

ಮಡಿಯಲ್ಲಿದ್ದು ಜಗಲಿಗೆ ಬರಲಾಗದೆ, ಮೇನ್ ಗಂಡನೇ ಇಳಿಸಿರಬೇಕೆಂದು ನಂಬಿ ವೈರು ಹಾಕಿದ್ದರು. ಅವರನ್ನು ನಾನು ಹೇಗೆ ಬೈಯಲಿ? ಉಳಿದ ಆರು ಮನೆಯವರು ಸ್ವಿಚ್ ಸರಿಯಾಗಿ ತಿರುಗಿಸಿದ್ದರಿಂದಲೇ ಸರಕಾರಿ ತಂತಿಯ ಮೇಲೆ ಬೇರೆ ಯಾವ ಮನೆಯ ಹೊರೆಯೂ ಇರಲಿಲ್ಲ, ಆ ಖಾಲಿ ತಂತಿಗೆ ನನ್ನ ಕರೆಂಟ್ ಸಲೀಸಾಗಿ ಏರಿತ್ತು. ಅವನನ್ನು ಜೀಪಿಗೆ ಹಾಕುವ ಗದ್ದಲದಲ್ಲಿ ಆ ವೈರನ್ನು ಕೇಳಿ ಪಡೆದು ಅಂಗಿಯೊಳಗೆ ಸುತ್ತಿಟ್ಟುಕೊಂಡೆ.

ಅವನು ಬದುಕಿದ. ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಈಗ ಆಫೀಸಿನಲ್ಲಿ ಕೂತು ಮಾಡುವ ಕೆಲಸ. ವಿಚಾರಣೆಗೆ ಬಂದವರಿಗೆ ಯಜಮಾನರು, ನಾವೇ ಒಂದು ವೈರು ಜೋಡಿಸಿಕೊಂಡಿದ್ದೆವು, ಮೇನ್ ಇಳಿಸಲು ಮರೆತೆವು ಎಂದರು. ನನ್ನ ಹೆಸರೆತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಟರ್ಬೈನಿನ ನೀರು ಆ ವಾರವೇ ನಿಲ್ಲಿಸಿದೆ, ಅಷ್ಟೇ ನನ್ನಿಂದಾದದ್ದು.

ಸಂತೆಯ ದಿನ ಅವನು ತಪ್ಪದೆ ಅಂಗಡಿಗೆ ಬರುತ್ತಿದ್ದ. ಎಡಗೈಯಲ್ಲಿ ಲೋಟ ಹಿಡಿದು ಗಿರಾಕಿಗಳಿಗೆಲ್ಲ ಹೇಳುತ್ತಿದ್ದ, ಸಾಬ್ರು ಕೂಗಿದ್ದರಿಂದ ತಾನು ಉಳಿದೆ ಎಂದು. ನಾನು ತಲೆ ತಗ್ಗಿಸಿ ಕಾಯಿಲ್ ಸುತ್ತುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಳ್ಳುತ್ತಿದ್ದರು.

ಆ ವೈರನ್ನು ಎಸೆಯಲು ಮನಸ್ಸಾಗದೆ ಹಳೆಯ ಕಾಯಿಲುಗಳ ಹಿಂದೆ ಮೊಳೆಗೆ ತೂಗುಹಾಕಿದ್ದೆ. ಕಳೆದ ತಿಂಗಳು ಕಾಯಿಲುಗಳನ್ನು ಗುಜರಿಗೆ ಕೊಟ್ಟಾಗ ಅದರ ನೆನಪೇ ಆಗಲಿಲ್ಲ, ಖಾಲಿ ಗೋಡೆಯ ಮೇಲೆ ಅದೊಂದೇ ತೂಗುತ್ತಿತ್ತು. ಅವನು ಬಂದು ಕೂತ, ಗೋಡೆಯತ್ತ ನೋಡಿದ. ಎದ್ದು ಹೋಗಿ ಒಂದು ಪ್ಲಗ್ ಮುಟ್ಟಿದ, ಆಮೇಲೆ ಇನ್ನೊಂದು. ಇದನ್ನು ಮಾಡಿದ್ದು ಯಾರು ಎಂದ. ನಾನು ಎಂದೆ.

“ಅವತ್ತ ನಾ ಕೇಳಿದ್ನಲ್ರಿ, ಸಾಬ್ರ.”

ಅಷ್ಟೇ ಹೇಳಿದ. ಅರ್ಧ ಕುಡಿದ ಚಹಾವನ್ನು ಬೆಂಚಿನ ಮೇಲಿಟ್ಟು ಹೋದ. ಅಲ್ಲಿಂದೀಚೆಗೆ ನಾಲ್ಕು ಸಂತೆ ಆಗಿವೆ, ಅವನು ಬಂದಿಲ್ಲ.