ಮೆಣಸಿನಕಾಯಿಗೆ ಹಚ್ಚಿದ ಎಣ್ಣಿ

ರಾಣೆಬೆನ್ನೂರಿನ ಕಾಲೇಜಿನಾಗ ಫಿಜಿಕ್ಸ್ ಕಲಿಸಾಕ ಹತ್ತಿ ಭಾಳ ವರ್ಷ ಆತು. ನನ್ನ ತಪ್ಪು ಯಾರರ ತೋರಿಸಿದ್ರ ಮೈ ಉರೀತೈತಿ. ಈಗೂ ಉರೀತೈತಿ, ಸುಳ್ಳ್ಯಾಕ ಹೇಳ್ಲಿ.

ಬ್ಯಾಡಗಿಯಿಂದ ಒಬ್ಬಾಕಿ ಹುಡುಗಿ ಬರ್ತಿದ್ಳು, ಕೊನೇ ವರ್ಷದಾಕಿ. ಆಕಿ ಅವ್ವ ಅಲ್ಲೇ ಮೆಣಸಿನಕಾಯಿ ತೊಟ್ಟು ಬಿಡಿಸೂ ಕೂಲಿಗೆ ಹೋಗ್ತಿದ್ಳು. ಒಂದಿನ ಪಾಠದಾಗ, "ಒಂದು ಅಣು ಬಿಸಲು ಹೀರಿ ಬೆಳಕು ಉಗಳತೈತಿ, ಆ ಬೆಳಕನ್ನ ಬಾಜೂ ಅಣು ಹೀರತೈತಿ" ಅಂದೆ. ಆಕಿ ಎದ್ದು ನಿಂತು, "ಸರ್, ನಡುವ ಬೆಳಕು ಹೊರಗ ಬರೂದಿಲ್ರಿ. ಅಣುಗಳು ಒತ್ತೊತ್ತಿ ಕುಂತಿದ್ರ ಶಕ್ತಿ ಸೀದಾ ದಾಟತೈತಿ" ಅಂದ್ಳು. ಖರೇನ ಅಂದಿದ್ಳು. ಹಿಂದಿನ ಬೆಂಚಿನವ್ರು ಕಿಸಕ್ಕನೆ ನಕ್ರು. ಅದನ್ನ ನಾ ಮರೀಲಿಲ್ಲ.

ಅದ ವಿಷಯ ಹಿಡದು ಆಕಿ ಹಾವೇರಿಯ ವಿಜ್ಞಾನ ಪ್ರದರ್ಶನಕ್ಕ ಒಂದು ಸೌರಕೋಶ ಮಾಡಿದ್ಳು. ಗಾಜಿನ ಮ್ಯಾಲೆ ಬಿಳಿ ಪುಡಿಯ ಲೇಪ, ಅದರ ಮ್ಯಾಲೆ ಪಾಲಕದ ಹಸರು, ಹಸರಿಗೆ ಅಂಟಿಕೊಂಡು ಬ್ಯಾಡಗಿ ಕಾಯಿ ಕೆಂಪು. ಪಾಲಕಕ್ಕ ಎಟುಕದ ಬೆಳಕನ್ನ ಕೆಂಪು ಹಿಡದು ಹಸರಿಗೆ ದಾಟಸತೈತಿ. ಹಸರು ಆ ಜೋರಿನಾಗ ಎಲೆಕ್ಟ್ರಾನನ್ನ ಬಿಳಿ ಲೇಪಕ್ಕ ತಳ್ಳತೈತಿ, ಕರೆಂಟು ಹರೀತೈತಿ. ನಡುವ ಏನರ ಅಡ್ಡ ಬಂತೋ, ಎಲ್ಲಾ ಮಣ್ಣುಪಾಲು. ಲ್ಯಾಬಿನಾಗ ಮೀಟರಿನ ಮುಳ್ಳು ಛಂದಾಗಿ ಎದ್ದಿತ್ತು. ಗೆದ್ದವ್ರಿಗೆ ಬ್ಯಾಸಗಿ ಪೂರ್ತಿ ಒಂದು ದೊಡ್ಡ ಸಂಶೋಧನಾಲಯದಾಗ ಕೆಲಸ ಕಲಿಯೂ ಅವಕಾಶ. ಆಕಿಗೆ ಅದೊಂದ ಬೇಕಾಗಿತ್ತು.

ಬಣ್ಣ ಲಗೂ ಮಾಸತೈತಂತ ಪ್ರದರ್ಶನದ ಹಿಂದಿನ ದಿನ ಸಂಜಿಕೆ ಲ್ಯಾಬಿನಾಗ ಹೊಸಾ ಗಾಜು ಮಾಡಾಕ ಕುಂತ್ಳು. ಅವ್ವ ಆರಿಸಿ ಆರಿಸಿ ಕಾಯಿ ಕಳಿಸಿದ್ಳು. ನಾ ಒಂದು ಕಾಯಿ ಮುಟ್ಟಿದೆ, ಬೆರಳಿಗೆ ಶೇಂಗಾ ಎಣ್ಣಿ ಹತ್ತಿತು. ನಾಕ ಮಂದಿ ನೋಡ್ತಾರ, ಮಿಂಚ್ಲಿ ಅಂತ ಆ ತಾಯಿ ಎಣ್ಣಿ ಕೈ ಆಡಿಸಿ ಕಳಿಸಿದ್ಳು. ಹುಡುಗಿ ಗ್ಲೌಸ್ ಹಾಕ್ಕೊಂಡಿದ್ಳು, ತಿಳೀಲಿಲ್ಲ. ನಡುವ ಎಣ್ಣಿ ಬಂದ್ರ ಹಸರೂ ಕೆಂಪೂ ಎರಡೂ ಲೇಪಕ್ಕ ಅಂಟೂದಿಲ್ಲ, ಅದು ನನಗ ಪಕ್ಕಾ ಗೊತ್ತಿತ್ತು.

"ಭಾಳ ಛಲೋ ಕಾಯಿ ಅದಾವ. ಮಾಡು" ಅಂದೆ. ಮುಗಿಯೂದ್ರಾಗ ಹೊತ್ತು ಮುಳುಗಿತ್ತು, ಬಿಸಲಿಗೆ ಹಿಡದು ನೋಡಾಕ ಆಗಲಿಲ್ಲ.

ಮರುದಿನ ಹಾವೇರಿಯಾಗ ರಣಬಿಸಲು. ಅವ್ವ ಕೂಲಿ ಬಿಟ್ಟು, ಇದ್ದದ್ರಾಗ ಛಲೋ ಸೀರಿ ಉಟ್ಟು ಬಂದಿದ್ಳು. ಪರೀಕ್ಷಕರು ಬಂದು ನಿಂತ್ರು. ಮುಳ್ಳು ಅಲುಗಲಿಲ್ಲ. ಹುಡುಗಿ ಗಾಜು ಹೊಳ್ಳಿಸಿದ್ಳು, ವಾಯರ್ ಒತ್ತಿದ್ಳು, ಮತ್ತ ಮತ್ತ ಒತ್ತಿದ್ಳು. ನಾ ಎಲ್ಲಾರಿಗೂ ಕೇಳೂಹಂಗ, "ತೊಟ್ಟು ಬಿಡಿಸೋರ ಮನ್ಯಾಗ ಹುಟ್ಟಿ ಕರೆಂಟ್ ಮಾಡಾಕ ಹೊಂಟ್ರ ಹಿಂಗ ನೋಡ್ರಿ" ಅಂದೆ. ಪರೀಕ್ಷಕರು ನಕ್ರು. ಸರ್ ಚಾಷ್ಟಿ ಮಾಡಾಕತ್ತಾರ ಅಂತ ತಿಳದು ಅವ್ವನೂ ಬಾಯಿಗೆ ಸೆರಗು ಹಿಡಕೊಂಡು ನಕ್ಳು.

ಅವ್ರು ಮುಂದಿನ ಟೇಬಲ್ಲಿಗೆ ಹೋದ ಮ್ಯಾಲೆ ಹುಡುಗಿ ಗಾಜು ಬಿಚ್ಚಿ, ಬೆರಳಿಲೆ ತಿಕ್ಕಿ ಮೂಸಿದ್ಳು.

"ಎಣ್ಣಿ... ಸರ್, ನಿನ್ನೆ ನೀವು ಕಾಯಿ ಮುಟ್ಟಿ ನೋಡಿದ್ರೆಲ್ರಿ?"

"ನನ್ನೇನ ಕೇಳ್ತಿ? ಹಚ್ಚಿದಾಕಿನ್ನ ಕೇಳು" ಅಂದೆ.

ಆಕಿ ಕೇಳಲಿಲ್ಲ. ಅವ್ವಗ ತಾನ ತಿಳೀತು. ಅಷ್ಟು ಮಂದಿ ಮುಂದ ಬಗ್ಗಿ ನನ್ನ ಕಾಲು ಹಿಡದ್ಳು.

"ತಪ್ಪಾತ್ರಿ ಸರ. ನೀವು ಇಷ್ಟು ಕಲಿಸಿದ್ರಿ, ನಾ ಹಾಳ ಮಾಡಿದೆ."

ಹುಡುಗಿ ನನ್ನ ಮಾರಿನ ನೋಡಕೋತ ನಿಂತಿದ್ಳು. ನಾ ಕಾಲು ಹಿಂದ ತಗೀಲಿಲ್ಲ. "ಇರ್ಲಿ ಏಳವಾ, ಈ ಸಲ ಕ್ಷಮಿಸೇನಿ" ಅಂದೆ.